ಕೋಡಿಯ ಮಠದ ಎದುರಿನಲ್ಲಿ ಸತ್ಯವೇದ



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠದ ವರ್ಣನೆ 1162ರ ಒಂದು ಶಾಸನದಲ್ಲಿದೆ. ಕಲಚುರಿ ಬಿಜ್ಜಳನ ಕಾಲದ ಈ ಶಾಸನ, ಮಠದಲ್ಲಿ ಏನೇನು ಪಾಠವಾಗುತ್ತಿತ್ತೆಂಬುದನ್ನು ಒಂದೊಂದಾಗಿ ಹೇಳುತ್ತ ಹೋಗುತ್ತದೆ. ಅಂಗಸಹಿತವಾದ ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನ, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲವೂ ಅಲ್ಲಿದ್ದವು. ದೀನರಿಗೆ, ಅನಾಥರಿಗೆ, ಕುಂಟ ಕುರುಡ ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ಜೈನ ಕ್ಷಪಣಕರಿಂದ ಹಿಡಿದು ಪರಮಹಂಸರವರೆಗೆ ಬೇರೆ ಬೇರೆ ಪಂಥದ ಯತಿಗಳಿಗೆ ಊಟವಿತ್ತು. ಮಠವೇನೋ ಕಾಳಾಮುಖ ಶೈವರದು. ತಮ್ಮ ಸಿದ್ಧಾಂತವೇ ಸರಿ ಎಂಬುದರಲ್ಲಿ ಆ ಗುರುಗಳಿಗೆ ಸಂಶಯವಿರಲಿಲ್ಲ. ಆದರೂ ಈಶ್ವರನನ್ನೇ ಒಪ್ಪದ ಬೌದ್ಧ ದರ್ಶನವನ್ನು ಅವರು ತಮ್ಮ ಮಠದೊಳಗೆ ಪಾಠ ಹೇಳಿಸಿದರು. ಇದೇ ಬಳ್ಳಿಗಾವಿಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದ್ದ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಆಲಯಗಳನ್ನೂ ಊರಿನ ಶೋಭೆಯೆಂದೇ ಇಲ್ಲಿನ ಶಾಸನ ಎಣಿಸುತ್ತದೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥನಿಗೆ ಚೈತ್ಯಾಲಯ ಮಾಡಿಸಿದಾಗ, ಅದಕ್ಕೆ ಬ್ರಹ್ಮಜಿನಾಲಯ ಎಂದು ಹೆಸರಿಟ್ಟವರು ಆ ಅಗ್ರಹಾರದ ಬ್ರಾಹ್ಮಣರು.

ಕೋಡಿಯ ಮಠದ ಪಾಠಗಳ ಪಟ್ಟಿಯಲ್ಲಿ ಕ್ರೈಸ್ತರ ಗ್ರಂಥವಾದ ಸತ್ಯವೇದವಿಲ್ಲ. ಕನ್ನಡಕ್ಕೆ ಅದು ಸಮಗ್ರವಾಗಿ ಬಂದದ್ದು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಮಾಡಿದ ಅನುವಾದದಲ್ಲಿ, 1831ರಲ್ಲಿ. ಒಂದು ವೇಳೆ ಯಾರಾದರೂ ಅದನ್ನು ಕೋಡಿಯ ಮಠದ ಜಗಲಿಗೆ ತಂದಿದ್ದರೆ ಅಲ್ಲಿನ ಉಪಾಧ್ಯಾಯರು ಏನು ಕೇಳುತ್ತಿದ್ದರು? ಈ ಉಪನ್ಯಾಸ ಆ ಪ್ರಶ್ನೆಯ ಸುತ್ತಲೇ ನಡೆಯುತ್ತದೆ. ನಾನು ಈ ಗ್ರಂಥವನ್ನು ನಂಬಿ ಓದುವವನು. ಅದನ್ನು ಮೊದಲೇ ಹೇಳಿಬಿಡುವುದು ಸರಿ. ನಂಬುವವನಾಗಿಯೇ ನಾನು ಹೇಳಬೇಕೆಂದಿರುವುದು ಇಷ್ಟು: ಹಲವು ಧರ್ಮಗಳ ನಡುವೆ ಕ್ರೈಸ್ತ ಧರ್ಮಗ್ರಂಥದ ಸತ್ಯವನ್ನು ಹುಡುಕುವವರು, ಪರರ ಗ್ರಂಥಕ್ಕೆ ಹಿಡಿಯುವ ಅಳತೆಯನ್ನೇ ತಮ್ಮ ಗ್ರಂಥಕ್ಕೂ ಹಿಡಿಯಬೇಕು. ಆ ಗ್ರಂಥವೇ ಅದನ್ನು ಬಯಸುತ್ತದೆ. ಚೀಲದಲ್ಲಿ ಕೊಳ್ಳಲು ಒಂದು, ಮಾರಲು ಒಂದು ಎಂದು ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳುವುದನ್ನು ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಸಂತೆಗೆ ಸಲ್ಲುವ ಈ ನಿಯಮ ಧರ್ಮಚರ್ಚೆಗೂ ಸಲ್ಲಬೇಕು.

ಸತ್ಯವನ್ನು ಹುಡುಕುವ ಅಗತ್ಯವೇ ಇಲ್ಲ, ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂಬ ಮಾತು ನಮ್ಮಲ್ಲಿ ಬಹಳ ಪ್ರಿಯವಾದದ್ದು. ಅದರ ಹಿಂದೆ ಇರುವ ಸೌಹಾರ್ದದ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಳ್ಳಿಗಾವಿಯ ಸೌಹಾರ್ದ ಆ ಮಾತಿನ ಮೇಲೆ ನಿಂತಿರಲಿಲ್ಲ. ವೇದ ಯಾರೂ ರಚಿಸದ ನಿತ್ಯವಾಣಿ ಎನ್ನುತ್ತದೆ ಮೀಮಾಂಸೆ. ಶಬ್ದ ನಿತ್ಯವಲ್ಲ, ವೇದಕ್ಕೆ ಈಶ್ವರನೆಂಬ ಕರ್ತೃವಿದ್ದಾನೆ ಎನ್ನುತ್ತದೆ ನ್ಯಾಯ. ಶಬ್ದ ಪ್ರತ್ಯೇಕ ಪ್ರಮಾಣವೇ ಅಲ್ಲ, ಪ್ರತ್ಯಕ್ಷ ಮತ್ತು ಅನುಮಾನ ಎರಡೇ ಸಾಕು ಎನ್ನುತ್ತಾರೆ ದಿಙ್ನಾಗ, ಧರ್ಮಕೀರ್ತಿಯರ ದಾರಿಯ ಬೌದ್ಧರು. ಈ ಮೂರೂ ಏಕಕಾಲಕ್ಕೆ ನಿಜವಾಗಲಾರವು. ಮಠದವರು ಇದನ್ನು ತಿಳಿದೇ ಮೂರನ್ನೂ ಕಲಿಸಿದರು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಪೂರ್ವಪಕ್ಷದಲ್ಲಿ ಮಂಡಿಸಿ, ಆಮೇಲೆ ಉತ್ತರ ಕೊಡುವುದು ಈ ನೆಲದ ವಾದಕ್ರಮ. ಇದೇ ಬಳ್ಳಿಗಾವಿಯ ಅಲ್ಲಮಪ್ರಭು, ಪಕ್ಕದ ಉಡುತಡಿಯ ಅಕ್ಕಮಹಾದೇವಿ ಯಾವ ನಂಬಿಕೆಯನ್ನೂ ಪ್ರಶ್ನಿಸದೆ ಬಿಟ್ಟವರಲ್ಲ. ತಮ್ಮವರ ನಂಬಿಕೆಯನ್ನಂತೂ ಮೊದಲೇ ಬಿಡಲಿಲ್ಲ. ಜೈನರ ಅನೇಕಾಂತವಾದವನ್ನು ಕೂಡ ಎಲ್ಲವೂ ಸರಿ ಎಂಬ ಅರ್ಥದಲ್ಲಿ ಇಂದು ಬಳಸುವುದುಂಟು. ಆದರೆ ಯಾವ ನೆಲೆಯಿಂದ ನೋಡಿದರೆ ಯಾವ ಮಾತು ಎಷ್ಟರ ಮಟ್ಟಿಗೆ ಸತ್ಯ ಎಂಬುದನ್ನು ಬಿಡಿಸಿ ಹೇಳುವ ಕಠಿಣ ಶಿಸ್ತು ಅದು. ಪರರ ನಂಬಿಕೆಯನ್ನು ಗೌರವಿಸುವುದೆಂದರೆ ಅವರು ಹೇಳುವುದನ್ನು ಅವರು ಹೇಳುವ ಅರ್ಥದಲ್ಲೇ ಕೇಳಿಸಿಕೊಳ್ಳುವುದು. ನೀವೂ ನಾವು ಹೇಳುವುದನ್ನೇ ಹೇಳುತ್ತಿದ್ದೀರಿ ಎಂದು ಅವರ ಬಾಯಿ ಮುಚ್ಚಿಸುವುದರಲ್ಲಿ ಗೌರವವಿಲ್ಲ.

ಹಾಗಾದರೆ ಕ್ರೈಸ್ತ ಗ್ರಂಥ ಯಾವ ಬಗೆಯ ಮಾತನ್ನು ಆಡುತ್ತದೆ? ಅದರಲ್ಲಿ ಕಾನೂನಿದೆ, ಸ್ತುತಿಯಿದೆ, ಗಾದೆಯಿದೆ, ಪ್ರವಾದಿಗಳ ಕೋಪವಿದೆ, ಪತ್ರಗಳಿವೆ. ಆದರೆ ಹೊಸ ಒಡಂಬಡಿಕೆಯ ಕೇಂದ್ರದಲ್ಲಿರುವುದು ಒಂದು ಘಟನೆಯ ಸಾಕ್ಷ್ಯ. ಇಂಥ ರೋಮನ್ ಅಧಿಪತಿಯ ಕಾಲದಲ್ಲಿ, ಇಂಥ ಊರಿನಲ್ಲಿ, ಇಂಥವನನ್ನು ಶಿಲುಬೆಗೆ ಹಾಕಿದರು, ಆಮೇಲೆ ಅವನು ಬದುಕಿರುವುದನ್ನು ನಾವು ಕಂಡೆವು ಎನ್ನುತ್ತದೆ ಅದು. ಮೀಮಾಂಸಕರ ವೇದದಂತೆ ತಾನು ಅಪೌರುಷೇಯ ಎಂದು ಸುವಾರ್ತೆಗಳು ಹೇಳಿಕೊಳ್ಳುವುದಿಲ್ಲ. ಲೂಕನು ತನ್ನ ಸುವಾರ್ತೆಯ ಮೊದಲ ವಾಕ್ಯದಲ್ಲೇ ತಾನು ಕಣ್ಣಾರೆ ಕಂಡವನಲ್ಲವೆಂದೂ, ತನಗಿಂತ ಮುಂಚೆ ಹಲವರು ಬರೆದಿದ್ದಾರೆಂದೂ, ಕಂಡವರಿಂದ ಬಂದದ್ದನ್ನು ಮೊದಲಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆಂದೂ ತಿಳಿಸುತ್ತಾನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪುನರುತ್ಥಾನಕ್ಕೆ ಸಾಕ್ಷಿಗಳ ಪಟ್ಟಿಯನ್ನೇ ಕೊಡುತ್ತಾನೆ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ, ಅಂದರೆ ಬೇಕಾದವರು ಹೋಗಿ ಕೇಳಬಹುದು. ಬೆರೋಯ ಊರಿನವರು ಪೌಲನ ಮಾತನ್ನು ಹಾಗೆಯೇ ಒಪ್ಪದೆ ದಿನದಿನವೂ ಗ್ರಂಥಗಳನ್ನು ತೆರೆದು ಪರೀಕ್ಷಿಸಿದ್ದನ್ನು ಅಪೊಸ್ತಲರ ಕೃತ್ಯಗಳು ಹೊಗಳುತ್ತದೆ. ಪರೀಕ್ಷೆ ಈ ಗ್ರಂಥಕ್ಕೆ ಹೊರಗಿನಿಂದ ಬಂದ ಅವಮಾನವೇನೂ ಅಲ್ಲ.

ಸಾಕ್ಷ್ಯವೆಂದ ಕೂಡಲೇ ಕೋಡಿಯ ಮಠದ ನೈಯಾಯಿಕ ಎಚ್ಚರಗೊಳ್ಳುತ್ತಾನೆ. ಆಪ್ತನ ಮಾತು ಪ್ರಮಾಣ ಎನ್ನುವುದು ನ್ಯಾಯದ ಸೂತ್ರ. ಆಪ್ತ ಯಾರು? ವಿಷಯವನ್ನು ನೇರವಾಗಿ ತಿಳಿದವನು, ತಿಳಿದದ್ದನ್ನು ತಿಳಿದ ಹಾಗೆ ಹೇಳುವ ಬಯಕೆಯುಳ್ಳವನು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ಇವರಿಗೆ ಗೊತ್ತಿತ್ತೆ, ಇವರು ಗೊತ್ತಿದ್ದ ಹಾಗೆ ಹೇಳಿದರೆ? ಪಕ್ಕದಲ್ಲಿ ಕುಳಿತ ಬೌದ್ಧ ಇನ್ನೂ ಕಟುವಾಗಿ ಕೇಳುತ್ತಾನೆ: ಅವರು ಆಪ್ತರೆಂದು ನಿಮಗೆ ಹೇಗೆ ಗೊತ್ತು, ಅದನ್ನೂ ಅನುಮಾನದಿಂದಲೇ ಅಲ್ಲವೆ ತಿಳಿಯಬೇಕು? ಬೌದ್ಧನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವಾಗಿ ಮುಂದಿಡಬಹುದಾದ ಸಂಗತಿಗಳನ್ನು ನೋಡೋಣ.

ಹೊರಗಿನ ಸಾಕ್ಷ್ಯ ಸ್ವಲ್ಪವೇ ಇದೆ, ಆದರೆ ಗಟ್ಟಿಯಾಗಿದೆ. ಕ್ರೈಸ್ತರನ್ನು ಹೀನಾಯವಾಗಿ ಕಾಣುತ್ತಿದ್ದ ರೋಮನ್ ಇತಿಹಾಸಕಾರ ಟ್ಯಾಸಿಟಸ್, ಎರಡನೆಯ ಶತಮಾನದ ಆರಂಭದಲ್ಲಿ, ಇವರ ಮೂಲಪುರುಷನಿಗೆ ತಿಬೇರಿಯನ ಆಳ್ವಿಕೆಯಲ್ಲಿ ಪೊಂತ್ಯ ಪಿಲಾತ ಮರಣದಂಡನೆ ವಿಧಿಸಿದನೆಂದು ಬರೆದಿದ್ದಾನೆ. 1961ರಲ್ಲಿ ಕೈಸರೈಯದ ಅಗೆತದಲ್ಲಿ ಪಿಲಾತನ ಹೆಸರಿರುವ ಶಿಲಾಶಾಸನ ಸಿಕ್ಕಿತು. ಈಜಿಪ್ಟಿನಿಂದ ಬಂದು ಈಗ ಮ್ಯಾಂಚೆಸ್ಟರಿನ ಗ್ರಂಥಾಲಯದಲ್ಲಿರುವ, ಅಂಗೈಗಿಂತ ಚಿಕ್ಕದಾದ ಪಪೈರಸ್ ತುಣುಕೊಂದರಲ್ಲಿ ಯೋಹಾನನ ಸುವಾರ್ತೆಯ ಕೆಲವು ಸಾಲುಗಳಿವೆ. ಅದು ಎರಡನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಯೇಸುವಿಗೂ ಪಿಲಾತನಿಗೂ ಸತ್ಯದ ಕುರಿತು ನಡೆದ ಮಾತುಕತೆಯೇ ಆ ತುಣುಕಿನಲ್ಲಿ ಉಳಿದಿರುವುದು.

ಕಲ್ಲಿನ ಶಾಸನಗಳ ನಾಡಿನವರಾದ ನಮಗೆ ಇಲ್ಲಿ ಒಂದು ತಕರಾರು ಏಳಬೇಕು. ತಾಳಗುಂದದ ಸ್ತಂಭಶಾಸನವನ್ನು ಕವಿ ಕುಬ್ಜ ತಾನೇ ಕಲ್ಲಿನ ಮೇಲೆ ಬರೆದ. ಐದನೆಯ ಶತಮಾನದ ಆ ಅಕ್ಷರ ಇಂದಿಗೂ ನಮ್ಮ ಕಣ್ಣ ಮುಂದಿದೆ. ಸುವಾರ್ತೆಗಳ ಮೂಲಪ್ರತಿ ಒಂದೂ ಉಳಿದಿಲ್ಲ. ಇರುವುದೆಲ್ಲ ಪ್ರತಿಯ ಪ್ರತಿ. ತಕರಾರು ನಿಜ. ಪ್ರತಿಗಳಲ್ಲಿ ವ್ಯತ್ಯಾಸವಿದೆಯೆಂಬುದೂ ನಿಜ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಎರಡು ಮುಖ್ಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಮೇಲೆ ಕಲ್ಲೆಸೆಯಲು ಬಂದವರನ್ನು ಯೇಸು ನಾಚಿಸುವ ಪ್ರಸಂಗ, ನಾವೆಲ್ಲ ಅಷ್ಟೊಂದು ಪ್ರೀತಿಸುವ ಪ್ರಸಂಗ, ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿಲ್ಲ. ಇದನ್ನು ಬಯಲಿಗೆ ತಂದವರು ಯಾರು? ಹೆಚ್ಚಿನಂಶ ಕ್ರೈಸ್ತ ವಿದ್ವಾಂಸರೇ. ಪ್ರತಿಗಳು ಸಾವಿರಾರು ಇರುವುದರಿಂದಲೇ ಒಂದರ ತಪ್ಪನ್ನು ಇನ್ನೊಂದು ಹಿಡಿದುಕೊಡುತ್ತದೆ; ಪಂಪಭಾರತವನ್ನೋ ವಚನಗಳನ್ನೋ ಸಂಪಾದಿಸುವ ಕನ್ನಡ ವಿದ್ವಾಂಸರು ಮಾಡುವ ಕೆಲಸವೂ ಇದೇ. ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ಪಾಲುಗೊಂಡವರು. ತಂದೆ ಒಂದು ಪಠ್ಯದ ಮೇಲೆ ತೋರಿದ ಎಚ್ಚರವನ್ನು ಮಗ ಕೋಡಿಯ ಮಠದ ಕಲ್ಲಿನ ಮೇಲೆ ತೋರಿದರು. ಇಂದು ನಾವು ಆ ಮಠದ ವಿಷಯ ಮಾತಾಡುತ್ತಿರುವುದಕ್ಕೆ ಒಂದು ಕಾರಣ ಆ ಎಚ್ಚರ.

ತಾಳಗುಂದದ ಕಲ್ಲು ಇನ್ನೊಂದನ್ನೂ ಕಲಿಸುತ್ತದೆ. ಮಯೂರಶರ್ಮ ಕಂಚಿಗೆ ಹೋದದ್ದು, ಅಲ್ಲಿ ಅವಮಾನಿತನಾಗಿ ಕತ್ತಿ ಹಿಡಿದದ್ದು, ಕದಂಬ ರಾಜ್ಯ ಕಟ್ಟಿದ್ದು ಎಲ್ಲವೂ ನಮಗೆ ತಿಳಿಯುವುದು ಮುಖ್ಯವಾಗಿ ಕುಬ್ಜನ ಕಾವ್ಯದಿಂದ. ಕುಬ್ಜ ಬರೆದದ್ದು ಮಯೂರನ ಕಾಲಕ್ಕೆ ಸುಮಾರು ನೂರು ವರ್ಷ ಈಚೆಗೆ, ಅದೂ ಆ ವಂಶದ ಆಶ್ರಯದಲ್ಲಿ. ಆದರೂ ಅದರ ತಿರುಳನ್ನು ಇತಿಹಾಸಕಾರರು ತಳ್ಳಿಹಾಕುವುದಿಲ್ಲ. ಹೊಗಳಿಕೆಯನ್ನು ಸೋಸಿ ತಿರುಳನ್ನು ಉಳಿಸಿಕೊಳ್ಳುತ್ತಾರೆ. ಯೇಸುವಿನ ಮರಣ ಸುಮಾರು ಕ್ರಿ. ಶ. 30ರಲ್ಲಿ. ಪೌಲನ ಪತ್ರಗಳು 50ರ ದಶಕದವು. ಮಾರ್ಕನ ಸುವಾರ್ತೆ ಸುಮಾರು 70ರದು. ಇಷ್ಟು ಹತ್ತಿರದ ಬರಹವೆಂದು ಅದು ಸತ್ಯವೇ ಆಗಿಬಿಡುವುದಿಲ್ಲ. ಆದರೆ ಕುಬ್ಜನಿಗೆ ಕೊಡುವ ವಿಚಾರಣೆಯನ್ನಾದರೂ ಮಾರ್ಕನಿಗೂ ಕೊಡಬೇಕು. ಕುಬ್ಜನ ಹೊಗಳಿಕೆಯನ್ನು ಸೋಸುವ ಜರಡಿಯನ್ನೇ ಮಾರ್ಕನಿಗೂ ಹಿಡಿಯಬೇಕು.

ಈಗ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. ಸುವಾರ್ತೆಗಳು ನಾಲ್ಕು, ಅವು ಒಂದಕ್ಕೊಂದು ಹೊಂದುವುದಿಲ್ಲ. ಯೇಸುವಿನ ವಂಶಾವಳಿ ಮತ್ತಾಯನಲ್ಲಿ ಒಂದು, ಲೂಕನಲ್ಲಿ ಇನ್ನೊಂದು. ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ್ದು ಯೋಹಾನನ ಪ್ರಕಾರ ಸೇವೆಯ ಆರಂಭದಲ್ಲಿ, ಉಳಿದ ಮೂವರ ಪ್ರಕಾರ ಕೊನೆಯ ವಾರದಲ್ಲಿ. ಸಮಾಧಿಯ ಬಳಿ ಮುಂಜಾನೆ ಹೋದ ಹೆಂಗಸರು ಯಾರು ಯಾರು, ಅವರು ಕಂಡದ್ದು ಒಬ್ಬ ದೂತನನ್ನೋ ಇಬ್ಬರನ್ನೋ ಎಂಬುದರಲ್ಲಿಯೂ ಒಮ್ಮತವಿಲ್ಲ. ಇವನ್ನೆಲ್ಲ ಹೇಗೋ ಹೊಂದಿಸಿಬಿಡುವ ವ್ಯಾಖ್ಯಾನಗಳಿವೆ. ಅವುಗಳಲ್ಲಿ ಕೆಲವು ಒಪ್ಪುವಂಥವು, ಹಲವು ಎಳೆದು ಕಟ್ಟಿದವು. ಎಳೆದು ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಎರಡನೆಯ ಶತಮಾನದಲ್ಲಿ, ಸುಮಾರು 170ರಲ್ಲಿ, ಸಿರಿಯಾದ ತಾತಿಯಾನನೆಂಬ ಕ್ರೈಸ್ತ ವಿದ್ವಾಂಸ ನಾಲ್ಕನ್ನೂ ಹೆಣೆದು ಒಂದೇ ಕಥೆಯಾಗಿ ಮಾಡಿದ. ಅದು ಸಿರಿಯಾದ ಸಭೆಗಳಲ್ಲಿ ತಲೆಮಾರುಗಳವರೆಗೆ ಓದಲ್ಪಟ್ಟಿತು. ಆಕ್ಷೇಪಿಸುವವರ ಬಾಯಿ ಮುಚ್ಚಿಸಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಅದಕ್ಕೂ ಮುಂಚೆ ಮಾರ್ಸಿಯನ್ ಎಂಬವನು ಲೂಕನದೊಂದನ್ನೇ, ಅದನ್ನೂ ಕತ್ತರಿಸಿ, ಇಟ್ಟುಕೊಂಡಿದ್ದ. ಸಭೆ ಎರಡು ದಾರಿಯನ್ನೂ ಕೊನೆಗೆ ಬಿಟ್ಟಿತು. ಒಂದಕ್ಕೊಂದು ಹೊಂದದ ನಾಲ್ಕನ್ನು, ಹೊಂದದ ಸ್ಥಿತಿಯಲ್ಲೇ, ಅಕ್ಕಪಕ್ಕ ಇಟ್ಟುಕೊಂಡಿತು. ಸಾಕ್ಷಿಗಳಿಗೆ ಒಂದೇ ಪಾಠ ಹೇಳಿಕೊಟ್ಟು ಕಟಕಟೆಗೆ ಹತ್ತಿಸುವವರು ಮಾಡುವ ಕೆಲಸವಲ್ಲ ಇದು.

ಅಲ್ಲಮನ ವಿಷಯದಲ್ಲಿ ಕನ್ನಡಿಗರಾದ ನಾವು ಇದನ್ನು ಚೆನ್ನಾಗಿ ಬಲ್ಲೆವು. ಹರಿಹರನ ರಗಳೆಯಲ್ಲಿ ಬಳ್ಳಿಗಾವಿಯ ಅಲ್ಲಮ ಮದ್ದಳೆ ನುಡಿಸುವ ಯುವಕ. ಕಮಲತೆಯನ್ನು ಪ್ರೀತಿಸಿ, ಅವಳನ್ನು ಕಳೆದುಕೊಂಡು, ದುಃಖದಲ್ಲಿ ಅಲೆಯುತ್ತಿರುವಾಗ ಅನಿಮಿಷನಿಂದ ಲಿಂಗ ಪಡೆಯುತ್ತಾನೆ. ಎರಡು ಶತಮಾನಗಳ ಮೇಲೆ ಬರೆದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅದೇ ಅಲ್ಲಮ ಮಾಯೆ ಸೋಕದ ಪರವಸ್ತು; ಮಾಯೆಯೇ ಅವನನ್ನು ಬಯಸಿ ಸೋಲುತ್ತಾಳೆ. ಶೂನ್ಯಸಂಪಾದನೆಗೂ ನಾಲ್ಕು ಸಂಪಾದನೆಗಳಿವೆ. ಸಂವಾದಗಳ ಜೋಡಣೆ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಹೀಗೆಂದು ಅಲ್ಲಮ ಇರಲೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಹರಿಹರನು ಕಾಲಕ್ಕೆ ಹತ್ತಿರದವನು, ಅವನ ಅಲ್ಲಮನಲ್ಲಿ ಮನುಷ್ಯನ ದೌರ್ಬಲ್ಯ ಉಳಿದಿದೆ, ಭಕ್ತಿ ಬೆಳೆದಂತೆ ದೌರ್ಬಲ್ಯ ಅಳಿಸಿಹೋಗಿದೆ ಎಂದು ವಿಮರ್ಶಕರು ವಿವೇಚಿಸುತ್ತಾರೆ. ಇದೇ ವಿವೇಚನೆಯನ್ನು ಸುವಾರ್ತೆಗಳಿಗೆ ಅನ್ವಯಿಸಿದರೆ ನನಗೆ ಬೇಸರವಿಲ್ಲ. ಮಾರ್ಕನ ಯೇಸು ಗೆತ್ಸೆಮನೆಯಲ್ಲಿ ತಲ್ಲಣಿಸುತ್ತಾನೆ, ಶಿಲುಬೆಯ ಮೇಲೆ ದೇವರು ತನ್ನ ಕೈಬಿಟ್ಟನೆಂದು ಕೂಗುತ್ತಾನೆ. ಯೋಹಾನನ ಯೇಸು ತನ್ನನ್ನು ಹಿಡಿಯಲು ಬಂದವರೇ ನೆಲಕ್ಕೆ ಬೀಳುವಂಥ ಗಾಂಭೀರ್ಯದಲ್ಲಿ ಶಿಲುಬೆಯತ್ತ ನಡೆಯುತ್ತಾನೆ. ವ್ಯತ್ಯಾಸವಿದೆ. ಆದರೆ ಯೋಹಾನನನ್ನು ಸ್ವೀಕರಿಸಿದ ಸಭೆ ಮಾರ್ಕನ ಆ ಕೂಗನ್ನು ಅಳಿಸಲಿಲ್ಲ. ಅಳಿಸಬಹುದಿತ್ತು, ಅಳಿಸಿದ್ದರೆ ಅನುಕೂಲವೂ ಆಗುತ್ತಿತ್ತು.

ಗೊತ್ತಿದ್ದ ಹಾಗೆ ಹೇಳಿದರೆ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಂಥ ಅನನುಕೂಲದ ಮಾತುಗಳಲ್ಲೇ. ಸಭೆಯ ನಾಯಕನಾದ ಪೇತ್ರ ಒಬ್ಬ ಸೇವಕಿಯ ಎದುರು ಹೆದರಿ ತನ್ನ ಗುರುವನ್ನು ಅರಿಯೆನೆಂದದ್ದನ್ನು ನಾಲ್ವರೂ ಬರೆದಿದ್ದಾರೆ. ಅಂತಿಯೋಕ್ಯದಲ್ಲಿ ಇದೇ ಪೇತ್ರನನ್ನು ಮುಖಾಮುಖಿಯಾಗಿ ಖಂಡಿಸಿದ್ದನ್ನು ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಬರಿದಾದ ಸಮಾಧಿಯ ಮೊದಲ ಸಾಕ್ಷಿಗಳು ಹೆಂಗಸರು. ಹೆಂಗಸರ ಸಾಕ್ಷ್ಯ ಒಪ್ಪತಕ್ಕದ್ದಲ್ಲವೆಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಕಥೆ ಕಟ್ಟುವವರು ಮಗ್ದಲದ ಮರಿಯಳನ್ನು ಮೊದಲು ನಿಲ್ಲಿಸುತ್ತಿರಲಿಲ್ಲ. ಎರಡನೆಯ ಶತಮಾನದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಚಿಂತಕ ಸರಿಯಾಗಿ ಇಲ್ಲಿಗೇ ಪೆಟ್ಟು ಕೊಟ್ಟ: ಕಂಡವಳು ಯಾರು, ಬುದ್ಧಿ ಕೆಟ್ಟ ಒಬ್ಬ ಹೆಂಗಸು ತಾನೆ ಎಂದ. ಸೆಲ್ಸಸನ ಪುಸ್ತಕ ಕಳೆದುಹೋಗಿದೆ. ಅದರ ಬಹುಭಾಗ ನಮಗೆ ಸಿಗುವುದು, ಮೂರನೆಯ ಶತಮಾನದಲ್ಲಿ ಒರಿಗೆನ್ ಎಂಬ ಕ್ರೈಸ್ತ ವಿದ್ವಾಂಸ ಅದಕ್ಕೆ ಉತ್ತರ ಬರೆಯುವಾಗ ಅವನ ಮಾತುಗಳನ್ನೇ ಸಾಲುಸಾಲಾಗಿ ಎತ್ತಿ ಇಟ್ಟದ್ದರಿಂದ. ಲೋಕಾಯತರ ಮಾತು ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಲ್ಲಿ ಉಳಿದ ಹಾಗೆಯೇ ಇದು. ಒರಿಗೆನ್ ಕೋಡಿಯ ಮಠದಲ್ಲಿ ಪರಕೀಯನಾಗುತ್ತಿರಲಿಲ್ಲ.

ಇಷ್ಟು ವಿಚಾರಣೆಯಿಂದ ಏನು ಸಿಕ್ಕಿತು? ಯೇಸು ಶಿಲುಬೆಯ ಮೇಲೆ ಸತ್ತನೆಂಬುದು ಪ್ರಾಚೀನ ಇತಿಹಾಸದಲ್ಲಿ ಸಾಧ್ಯವಿರುವಷ್ಟು ಖಚಿತ. ನಮ್ಮ ನೆರೆಯ ಮುಸ್ಲಿಮರ ಕುರಾನ್ ಅವನು ಶಿಲುಬೆಗೇರಲಿಲ್ಲ ಎನ್ನುತ್ತದೆ; ಯೇಸುವಿನ ಗೌರವ ಕಾಯುವ ಆಶಯ ಅದರಲ್ಲಿದೆ, ಆದರೆ ಈ ಒಂದು ಸಂಗತಿಯಲ್ಲಿ ಸಾಕ್ಷ್ಯ ಸುವಾರ್ತೆಗಳ ಕಡೆಗಿದೆ ಎಂದು ನಾನು ಹೇಳಬೇಕಾಗುತ್ತದೆ. ಅವನ ಶಿಷ್ಯರು ಅವನನ್ನು ಜೀವಂತವಾಗಿ ಕಂಡೆವೆಂದು ನಿಜವಾಗಿ ನಂಬಿದ್ದರೆಂಬುದೂ ಹೆಚ್ಚುಕಡಿಮೆ ಅಷ್ಟೇ ಖಚಿತ. ಅವರು ಕಂಡದ್ದು ನಿಜವೇ ಎಂಬ ಮುಂದಿನ ಹೆಜ್ಜೆಯನ್ನು ಇತಿಹಾಸದ ವಿಧಾನ ಒಂದೇ ಇಡಲಾರದು. ಸತ್ತವರು ಏಳುವುದೇ ಇಲ್ಲ ಎಂದು ಮೊದಲೇ ತೀರ್ಮಾನಿಸಿದವರಿಗೆ ಎಂಥ ಸಾಕ್ಷ್ಯವೂ ಸಾಲದು. ದೇವರಿಗೆ ಅದು ಸಾಧ್ಯವೆಂದು ತಿಳಿದವರಿಗೆ ಈ ಸಾಕ್ಷ್ಯ ನಂಬಲು ತಕ್ಕದ್ದು. ನಾನು ಎರಡನೆಯವರಲ್ಲಿ ಒಬ್ಬ. ಶ್ರದ್ಧೆ ಇಲ್ಲಿ ಶುರುವಾಗುತ್ತದೆ, ಸಾಕ್ಷ್ಯದ ಹೆಗಲೇರಿ ಶುರುವಾಗುತ್ತದೆ. ಆದರೆ ಸಾಕ್ಷ್ಯಕ್ಕೂ ಶ್ರದ್ಧೆಗೂ ನಡುವಿನ ಗೆರೆಯನ್ನು ಅಳಿಸಿ, ಎಲ್ಲವನ್ನೂ ರುಜುವಾತು ಮಾಡಿದ್ದೇವೆಂದು ಹೇಳುವ ಪ್ರಚಾರಕರು ಗ್ರಂಥಕ್ಕೆ ಉಪಕಾರ ಮಾಡುವುದಿಲ್ಲ.

ಪರದೇಶದ ಗ್ರಂಥ, ಆಳುವವರ ಜೊತೆಗೆ ಬಂದ ಗ್ರಂಥ ಎಂಬುದು ಮುಂದಿನ ಆಕ್ಷೇಪ. ಇದರ ಅರ್ಧಕ್ಕೆ ನಮ್ಮ ತರ್ಕಶಾಸ್ತ್ರವೇ ಉತ್ತರ ಕೊಟ್ಟಿದೆ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಆಪ್ತನ ಲಕ್ಷಣ ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಒಂದೇ ಎಂದಿದ್ದಾನೆ. ಹೇಳಿದವನ ಕುಲ ಮತ್ತು ದೇಶ ಮಾತಿನ ಪ್ರಾಮಾಣ್ಯವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಇದಲ್ಲದೆ, ಕೊಲ್ಲಂನ ಕ್ರೈಸ್ತ ಸಭೆಗೆ ದತ್ತಿ ಕೊಟ್ಟ ತಾಮ್ರಶಾಸನ 849ರದು; ಬಸವಣ್ಣನವರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ, ಐರೋಪ್ಯರ ಹಡಗು ಬರುವ ಎಷ್ಟೋ ಮೊದಲೇ ಈ ಗ್ರಂಥ ನಮ್ಮ ಪಕ್ಕದ ಕರಾವಳಿಯಲ್ಲಿತ್ತು. ಆಕ್ಷೇಪದ ಇನ್ನರ್ಧವನ್ನು ಮಾತ್ರ ನಾನು ತಲೆಬಾಗಿ ಒಪ್ಪುತ್ತೇನೆ. 19ನೆಯ ಶತಮಾನದ ಎಷ್ಟೋ ಮಿಷನರಿ ಕಿರುಪುಸ್ತಕಗಳು ಪುರಾಣಗಳನ್ನು ವಿಚಾರದ ಬಿಸಿಲಿಗೆ ಹಿಡಿದು ನಕ್ಕವು. ಯೆಹೋಶುವನ ಮಾತಿಗೆ ಸೂರ್ಯ ನಿಂತದ್ದನ್ನು ಮಾತ್ರ ಆ ಬಿಸಿಲಿಗೆ ತರಲಿಲ್ಲ. ದೇವತೆಗಳ ಯುದ್ಧಗಳನ್ನು ಕ್ರೂರವೆಂದು ಕರೆದವು. ಕಾನಾನಿನ ಊರುಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದದ್ದನ್ನು ದೇವರ ನ್ಯಾಯವೆಂದು ಸಮರ್ಥಿಸಿದವು. ಚೀಲದಲ್ಲಿ ಎರಡು ಕಲ್ಲು ಇಡುವುದೆಂದರೆ ಇದೇ. ಕಾನಾನಿನ ಕೊಲೆಗಳ ವಿಷಯದಲ್ಲಿ ನನಗೆ ಸಮಾಧಾನ ಕೊಡುವ ವ್ಯಾಖ್ಯಾನವೊಂದೂ ಸಿಕ್ಕಿಲ್ಲ. ಅದೇ ಗ್ರಂಥದೊಳಗೆ ಆಮೋಸನು ಬಡವರನ್ನು ತುಳಿಯುವ ತನ್ನವರನ್ನು ಗದರಿಸುತ್ತಾನೆ, ಯೋಬನು ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ, ಯೇಸು ಹಳೆಯ ಕಟ್ಟಳೆಯನ್ನು ಎತ್ತಿ ಹೇಳಿ ಅದಕ್ಕೆ ಎದುರಾಗಿ ಶತ್ರುವನ್ನು ಪ್ರೀತಿಸಲು ಹೇಳುತ್ತಾನೆ. ಗ್ರಂಥವೇ ತನ್ನೊಳಗಿನ ಕೆಲವು ದನಿಗಳನ್ನು ತಿದ್ದುತ್ತದೆ. ಶಿಲುಬೆಗೇರಿದವನ ಬೆಳಕಿನಲ್ಲಿ ಯೆಹೋಶುವನ ಪುಸ್ತಕವನ್ನು ಓದಬೇಕಲ್ಲದೆ, ಯೆಹೋಶುವನ ಕತ್ತಿಯ ಬೆಳಕಿನಲ್ಲಿ ಶಿಲುಬೆಯನ್ನು ಓದಬಾರದು ಎಂಬಲ್ಲಿಗೆ ನಾನು ನಿಲ್ಲುತ್ತೇನೆ.

ಒಂದೇ ಅಳತೆ ಹಿಡಿದವರು ಕನ್ನಡ ಕ್ರೈಸ್ತರಲ್ಲಿ ಇದ್ದರು. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಕೊಟ್ಟವರು ಅವರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ಅನುಭವ ಮಂಟಪ ಕವಿಕಲ್ಪನೆ, ಅಂಥದೊಂದು ಇರಲೇ ಇಲ್ಲ ಎಂಬ ವಾದ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಾಧಿಸಲು ವಚನಗಳ ಆಧಾರಗಳನ್ನು ಕೂಡಿಸಿ ಬರೆದವರಲ್ಲಿ ಈ ಪಾದ್ರಿ ಮುಂದಿನವರು. ಯೇಸುವಿನ ಸಾಕ್ಷಿಗಳಿಗೆ ತಾವು ಬಯಸುವ ನ್ಯಾಯವನ್ನು ಅಲ್ಲಮನ ಸಾಕ್ಷಿಗಳಿಗೂ ಕೊಡಿಸಲು ಅವರು ದುಡಿದರು. ಹಾಗೆ ದುಡಿದದ್ದರಿಂದ ಅವರ ಕ್ರಿಸ್ತಭಕ್ತಿ ಕುಂದಲಿಲ್ಲ. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಅವರು ಇನ್ನೂ ಮುಂದೆ ಹೋದರು. ಜಾಗತಿಕ ಸಭೆಗಳ ಒಕ್ಕೂಟದ ಸಂವಾದ ವಿಭಾಗವನ್ನು 1971ರಿಂದ ನಡೆಸಿದ ಅವರು, ಹಲವು ಧರ್ಮಗ್ರಂಥಗಳಿರುವ ಸಮಾಜದಲ್ಲಿ ಕ್ರೈಸ್ತರು ತಮ್ಮದೇ ಏಕೈಕ ಸತ್ಯವೆಂಬ ಹಕ್ಕುದಾರಿಕೆಯನ್ನು ಬಿಡಬೇಕು, ಕ್ರಿಸ್ತನಿಗೆ ನಿಷ್ಠೆ ಇಟ್ಟುಕೊಂಡೇ ದೇವರ ರಹಸ್ಯಕ್ಕೆ ತೆರೆದುಕೊಳ್ಳಬೇಕು ಎಂದರು. ಅವರ ನಿಷ್ಠೆಯನ್ನು ಸಂಶಯಿಸಿದವರು ಅನ್ಯಾಯ ಮಾಡಿದರು. ಆದರೂ ಅವರೊಂದಿಗೆ ನಾನು ಪೂರ್ತಿ ಹೋಗಲಾರೆ. ಯೋಹಾನನ ಸುವಾರ್ತೆಯಲ್ಲಿ ಯೇಸು ತಾನೇ ಮಾರ್ಗ, ತಾನೇ ಸತ್ಯ ಎಂದು ಹೇಳಿಕೊಳ್ಳುತ್ತಾನೆ. ಆ ಹೇಳಿಕೆ ಸರಿಯಿರಬಹುದು, ತಪ್ಪಿರಬಹುದು. ಅದರ ಚೂಪನ್ನು ಸವೆಸಿ ಹಿತವಾಗಿಸಿದರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ತಮ್ಮ ಲಾಕುಲ ಸಿದ್ಧಾಂತವನ್ನು ಕಾಳಾಮುಖರು ಬೌದ್ಧರ ಮುಂದೆ ಮೆತ್ತಗೆ ಮಾಡಿಕೊಳ್ಳಲಿಲ್ಲ. ಬೌದ್ಧರೂ ತಮ್ಮದನ್ನು ಮಾಡಿಕೊಳ್ಳಲಿಲ್ಲ. ಇಬ್ಬರಿಗೂ ಒಂದೇ ಜಗಲಿಯಿತ್ತು, ಅಷ್ಟೆ. ಆ ಜಗಲಿಯಲ್ಲಿ ಅಧಿಕಾರ, ಹಣ, ಬೆದರಿಕೆಗಳಿಗೆ ಜಾಗ ಸಿಕ್ಕಿದ ದಿನ ವಾದ ಸಾಯುತ್ತದೆ. ಆಮಿಷ ಕೊಟ್ಟು ಒಪ್ಪಿಸಿದ್ದು ಯಾವ ಧರ್ಮದಲ್ಲೂ ಸಾಕ್ಷ್ಯಕ್ಕೆ ಸಿಕ್ಕ ಒಪ್ಪಿಗೆಯಾಗದು, ಹೆದರಿಸಿ ತಡೆದದ್ದೂ ಸಾಕ್ಷ್ಯಕ್ಕೆ ಕೊಟ್ಟ ಉತ್ತರವಾಗದು.

ಕೊನೆಯದಾಗಿ, ನಂಬುವವರ ಕಡೆಯಿಂದಲೇ ಬರುವ ಆಕ್ಷೇಪ ಒಂದಿದೆ. ಇಷ್ಟೆಲ್ಲ ಪರೀಕ್ಷೆಗೆ ಒಡ್ಡಿದರೆ ನಂಬಿಕೆಯೇ ಹೋಗಿಬಿಟ್ಟರೆ? ದೇವರ ಮಾತನ್ನು ತೂಗಲು ನಾವು ಯಾರು? ಈ ಭಯ ಪ್ರಾಮಾಣಿಕವಾದದ್ದು, ಹಳ್ಳಿಯ ಸಭೆಗಳಲ್ಲಿ ಪ್ರಾರ್ಥನೆಯಿಂದಲೇ ಬದುಕುವವರ ಭಯ. ಇದಕ್ಕೆ ನಾನು ಪೌಲನ ಪತ್ರವನ್ನೇ ಮತ್ತೆ ತೆರೆಯುತ್ತೇನೆ. ಕೊರಿಂಥ ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಗ್ರೀಕರ, ರೋಮನರ, ಈಜಿಪ್ಟಿನವರ ದೇವಾಲಯಗಳು ಅಲ್ಲಿದ್ದವು, ಯೆಹೂದಿಗಳ ಸಭಾಮಂದಿರವಿತ್ತು. ಸತ್ತವರು ಏಳುವುದುಂಟೆ ಎಂದು ಅಲ್ಲಿನ ಸಭೆಯವರೇ ಕೆಲವರು ಕೇಳುತ್ತಿದ್ದರು. ಸುಮಾರು 55ರಲ್ಲಿ ಪೌಲ ಅವರಿಗೆ ಬರೆದ ಉತ್ತರದಲ್ಲಿ, ಪ್ರಶ್ನಿಸಬೇಡಿ ಎಂಬ ಮಾತಿಲ್ಲ. ಕ್ರಿಸ್ತನು ಎದ್ದಿಲ್ಲವಾದರೆ ತನ್ನ ಪ್ರಸಂಗ ಹುರುಳಿಲ್ಲದ್ದು, ಅವರ ನಂಬಿಕೆ ಬರಿದು, ತಾವೆಲ್ಲ ದೇವರ ವಿಷಯದಲ್ಲಿ ಸುಳ್ಳು ಸಾಕ್ಷಿಗಳಾದಂತೆ, ಎಲ್ಲ ಮನುಷ್ಯರಿಗಿಂತ ತಾವೇ ಮರುಕಕ್ಕೆ ಅರ್ಹರು ಎಂದು ಅವನು ಒಂದೊಂದಾಗಿ ಒಪ್ಪಿಕೊಳ್ಳುತ್ತಾನೆ. ತನ್ನ ಮಾತು ಯಾವ ಸಂಗತಿಯಿಂದ ಸುಳ್ಳಾಗುತ್ತದೆಂಬುದನ್ನು ಅವನು ಕೇಳುವವರ ಕೈಗೇ ಕೊಟ್ಟಿದ್ದಾನೆ. ನಮ್ಮ ಸಭೆಗಳು ಈಸ್ಟರಿನ ದಿನ ಓದುವ ಗ್ರಂಥಭಾಗದಲ್ಲೇ ಆ ಸಾಧ್ಯತೆ ಅಳಿಸದೆ ಬರೆದಿದೆ.